ಸಾದೃಶ್ಯದ ಅಳತೆ: ಆಂಡ್ರೇ ಬ್ರೋಡರ್ ಅವರ ಸಂಶೋಧನೆ ಮತ್ತು ಭಿನ್ನಪಾಠಗಳ ಪ್ರಶ್ನೆ

ಒಂದೇ ಕಥೆಯನ್ನು ಇಬ್ಬರು ಕಥನಗಾರರು ಹೇಳಿದಾಗ ಅದನ್ನು ಒಂದು ಕಥೆಯೆಂದು ಎಣಿಸಬೇಕೆ, ಎರಡು ಕಥೆಗಳೆಂದು ಎಣಿಸಬೇಕೆ ಎಂಬ ಪ್ರಶ್ನೆ ಜಾನಪದ ಅಧ್ಯಯನದ ಹುಟ್ಟಿನೊಂದಿಗೇ ಬಂದಿದೆ. ಫಿನ್‌ಲೆಂಡಿನ ಯೂಲಿಯುಸ್ ಕ್ರೋನ್ ಮತ್ತು ಅವರ ಮಗ ಕಾರ್ಲೆ ಕ್ರೋನ್ ರೂಪಿಸಿದ ಐತಿಹಾಸಿಕ-ಭೌಗೋಳಿಕ ವಿಧಾನವು ಈ ಪ್ರಶ್ನೆಗೆ ದೊರೆತ ಮೊದಲ ವ್ಯವಸ್ಥಿತ ಉತ್ತರಗಳಲ್ಲಿ ಒಂದು. ಮೇರಿಯನ್ ರೋಲ್ಫ್ ಕಾಕ್ಸ್ 1893ರಲ್ಲಿ ಸಿಂಡರೆಲ್ಲಾ ಕಥೆಯ 345 ಪಾಠಗಳನ್ನು ಒಟ್ಟುಗೂಡಿಸಿದರು. ಆಂಟಿ ಆರ್ನೆ 1910ರಲ್ಲಿ ಕಥಾವರ್ಗಗಳ ಸೂಚಿಯನ್ನು ಸಿದ್ಧಪಡಿಸಿದರು. ಸ್ಟಿತ್ ಥಾಮ್ಸನ್ 1928ರಲ್ಲಿ ಹಾಗೂ 1961ರಲ್ಲಿ, ಹಾನ್ಸ್-ಯೋರ್ಗ್ ಊಥರ್ 2004ರಲ್ಲಿ ಅದನ್ನು ವಿಸ್ತರಿಸಿದರು. ಇವೆಲ್ಲವುಗಳಲ್ಲಿ ಎರಡು ಪಾಠಗಳು ‘ಒಂದೇ’ ಎಂದು ತೀರ್ಮಾನಿಸುತ್ತಿದ್ದುದು ವಿದ್ವಾಂಸನ ಓದು, ನೆನಪು ಮತ್ತು ಅವನ ಮೇಜಿನ ಮೇಲಿದ್ದ ಚೀಟಿಗಳು. ಫ್ರಾನ್ಸ್ ಬೋವಾಸ್ ಒಬ್ಬರು ಮಾತ್ರ ಬಹಳ ಮೊದಲೇ ಬೇರೊಂದು ದಾರಿ ಹಿಡಿದಿದ್ದರು. ಅಮೆರಿಕದ ಉತ್ತರ ಪೆಸಿಫಿಕ್ ಕರಾವಳಿಯ ಮೂಲನಿವಾಸಿಗಳ ಕಥೆಗಳನ್ನು 1895ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದಾಗ, ಯಾವ ಎರಡು ಸಮುದಾಯಗಳ ನಡುವೆ ಎಷ್ಟು ಕಥಾಂಶಗಳು ಸಮಾನವಾಗಿವೆ ಎಂದು ಅವರು ಎಣಿಸಿ ಕೋಷ್ಟಕ ಹಾಕಿದರು. ಈ ಎಣಿಕೆಯ ದಾರಿಯನ್ನು ನಮ್ಮ ಶಿಸ್ತು ಮುಂದೆ ಅಷ್ಟಾಗಿ ತುಳಿಯಲಿಲ್ಲ.

ಆ ದಾರಿ ನೂರು ವರ್ಷಗಳ ಬಳಿಕ ಸಂಪೂರ್ಣ ಬೇರೆಯೇ ಆದ ಕ್ಷೇತ್ರವೊಂದರಲ್ಲಿ, ಬೇರೆಯೇ ಆದ ಅಗತ್ಯಕ್ಕಾಗಿ ತೆರೆದುಕೊಂಡಿತು. ಗಣಕವಿಜ್ಞಾನದಲ್ಲಿ ‘ಸಾದೃಶ್ಯ ಶೋಧ’ ಎಂದು ಕರೆಯಲಾಗುವ ಶಾಖೆಯ ಪ್ರಮುಖರಲ್ಲಿ ಒಬ್ಬರಾದ ಆಂಡ್ರೇ ಬ್ರೋಡರ್ ಅವರ 1997ರ ಸಂಶೋಧನೆಯನ್ನೂ ಅದರ ಮುಂದಿನ ಪರಿಣಾಮಗಳನ್ನೂ ಜಾನಪದ ವಿದ್ಯಾರ್ಥಿಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಗಣಿತದ ಸೂಕ್ಷ್ಮಗಳನ್ನು ವಿವರಿಸುವ ಅಧಿಕಾರ ಈ ಲೇಖಕನಿಗಿಲ್ಲ. ಆದರೆ ‘ಹೆಚ್ಚುಕಡಿಮೆ ಒಂದೇ’ ಎಂಬ ನಮ್ಮ ದಿನನಿತ್ಯದ ಮಾತನ್ನು ಅವರು ಒಂದು ಸಂಖ್ಯೆಯನ್ನಾಗಿ ಮಾಡಿದ ಬಗೆ ಮತ್ತು ಆ ಸಂಖ್ಯೆಯ ಆಧಾರದ ಮೇಲೆ ಇಂದು ಯಾವ ಪಠ್ಯ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬ ತೀರ್ಮಾನ ನಡೆಯುತ್ತಿರುವ ಬಗೆ, ಇವೆರಡೂ ಪಾಠಾಂತರಗಳೊಡನೆ ಬದುಕುವ ನಮಗೆ ನೇರವಾಗಿ ಸಂಬಂಧಿಸಿದವು.

ಬ್ರೋಡರ್ 1953ರಲ್ಲಿ ರುಮೇನಿಯಾದ ಬುಖಾರೆಸ್ಟ್‌ನಲ್ಲಿ ಜನಿಸಿದರು. ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯಲ್ಲಿ ಪದವಿ ಪಡೆದು, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಕನೂತ್ ಅವರ ಮಾರ್ಗದರ್ಶನದಲ್ಲಿ 1985ರಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ಕೆಲಸ ಮಾಡಿದರು. ಅದೇ ಕಂಪನಿ 1995ರ ಡಿಸೆಂಬರ್‌ನಲ್ಲಿ ಆಲ್ಟಾವಿಸ್ಟಾ ಎಂಬ ಜಾಲಶೋಧಕವನ್ನು ಆರಂಭಿಸಿತು. ಮುಂದೆ ಅವರು ಆಲ್ಟಾವಿಸ್ಟಾ, ಐಬಿಎಂ, ಯಾಹೂ, ಗೂಗಲ್ ಸಂಸ್ಥೆಗಳಲ್ಲಿ ಕೆಲಸ ಮಾಡಿದರು. ಜಾಲಶೋಧದ ಬಗ್ಗೆ ಅವರು ಬರೆದ ಇತರ ಪ್ರಬಂಧಗಳೂ ಮುಖ್ಯವೇ. ಆದರೆ ಇಲ್ಲಿ ಅವುಗಳ ಚರ್ಚೆಗೆ ಅವಕಾಶವಿಲ್ಲ.

ಆಲ್ಟಾವಿಸ್ಟಾ ಎದುರಿಸಿದ ಸಮಸ್ಯೆ ಸರಳವಾದದ್ದು. ಜಾಲದಲ್ಲಿ ಒಂದೇ ಬರಹ ಹತ್ತು ಕಡೆ ಇರುತ್ತದೆ. ಕೆಲವೆಡೆ ಅಕ್ಷರಶಃ ಒಂದೇ, ಕೆಲವೆಡೆ ದಿನಾಂಕ ಬದಲಾಗಿದೆ, ಕೆಲವೆಡೆ ಒಂದು ಪ್ಯಾರಾ ಸೇರಿದೆ. ಅಕ್ಷರಶಃ ಒಂದೇ ಆದವನ್ನು ಹುಡುಕುವುದು ಸುಲಭ. ಅಲ್ಪಸ್ವಲ್ಪ ಬದಲಾದವನ್ನು ಹುಡುಕುವುದೇ ಕಷ್ಟ. ಈ ಪ್ರಶ್ನೆಯನ್ನು ಮೊದಲು ಎತ್ತಿದವರು ಬ್ರೋಡರ್ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಊದಿ ಮ್ಯಾನ್ಬರ್ 1994ರಲ್ಲಿ ದೊಡ್ಡ ಕಡತ ಸಂಗ್ರಹಗಳಲ್ಲಿ ಸದೃಶ ಕಡತಗಳನ್ನು ಹುಡುಕುವ ವಿಧಾನವನ್ನು ಪ್ರಕಟಿಸಿದ್ದರು. ಮುಂದೆ ಗೂಗಲ್ ಸ್ಥಾಪಕರಲ್ಲಿ ಒಬ್ಬರಾದ ಸೆರ್ಗೇ ಬ್ರಿನ್ ತಮ್ಮ ಸಹೋದ್ಯೋಗಿಗಳೊಂದಿಗೆ 1995ರಲ್ಲಿ ಕೃತಿಚೌರ್ಯ ಪತ್ತೆಯ ವ್ಯವಸ್ಥೆಯೊಂದನ್ನು ವಿವರಿಸಿದ್ದರು. ಬ್ರೋಡರ್ ಅವರ ಕೊಡುಗೆಯೆಂದರೆ ಸಾದೃಶ್ಯ ಎಂದರೇನು ಎಂಬುದಕ್ಕೆ ಗಣಿತದ ಸ್ಪಷ್ಟ ವ್ಯಾಖ್ಯೆ ಕೊಟ್ಟು, ಆ ವ್ಯಾಖ್ಯೆಯನ್ನು ಅತ್ಯಲ್ಪ ಶ್ರಮದಲ್ಲಿ ಲೆಕ್ಕಹಾಕುವ ಉಪಾಯವನ್ನೂ ಕೊಟ್ಟದ್ದು.

ಅವರ ವಿಧಾನದ ಮೊದಲ ಹೆಜ್ಜೆ ಪಠ್ಯವನ್ನು ತುಣುಕುಗಳಾಗಿ ಒಡೆಯುವುದು. ಒಂದರಿಂದ ಹತ್ತನೆಯ ಪದದವರೆಗೆ ಒಂದು ತುಣುಕು, ಎರಡರಿಂದ ಹನ್ನೊಂದರವರೆಗೆ ಇನ್ನೊಂದು, ಹೀಗೆ ಪ್ರತಿ ತುಣುಕೂ ಹಿಂದಿನದರ ಮೇಲೆ ಹಾದುಬರುತ್ತದೆ. ಇದಕ್ಕೆ ಅವರು ‘ಶಿಂಗಲ್’ ಎಂಬ ಪದವನ್ನು ಬಳಸಿದರು. ಮಾಡಿಗೆ ಒಂದರ ಮೇಲೊಂದು ಹಾಯುವಂತೆ ಜೋಡಿಸುವ ಮರದ ಬಿಲ್ಲೆ ಎಂದು ಅದರ ಅರ್ಥ. ನಮ್ಮಲ್ಲಿ ಹೆಂಚು ಎನ್ನಬಹುದು. ಎರಡು ಪಠ್ಯಗಳ ಹೆಂಚುಗಳನ್ನೆಲ್ಲ ಒಟ್ಟು ಸೇರಿಸಿ, ಅವುಗಳಲ್ಲಿ ಎರಡರಲ್ಲೂ ಇರುವವು ಎಷ್ಟು ಭಾಗ ಎಂದು ನೋಡಿದರೆ ಸಾದೃಶ್ಯದ ಅಳತೆ ದೊರೆಯುತ್ತದೆ. ಏನೂ ಸಮಾನವಿಲ್ಲದಿದ್ದರೆ ಸೊನ್ನೆ, ಎಲ್ಲವೂ ಸಮಾನವಾಗಿದ್ದರೆ ಒಂದು.

ಈ ಅನುಪಾತವೂ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಪಾಲ್ ಜಕಾರ್ ಆಲ್ಪ್ಸ್ ಪರ್ವತದ ಬೇರೆ ಬೇರೆ ಪ್ರದೇಶಗಳಲ್ಲಿ ಬೆಳೆಯುವ ಸಸ್ಯಗಳನ್ನು ಹೋಲಿಸಲು 1901ರಲ್ಲಿ ಇದನ್ನೇ ಬಳಸಿದ್ದರು. ಎರಡು ಕಣಿವೆಗಳ ಸಸ್ಯಗಳನ್ನು ಹೋಲಿಸಿದ ಅಳತೆಯೇ ಎರಡು ಪಠ್ಯಗಳನ್ನು ಹೋಲಿಸುವ ಅಳತೆಯಾದದ್ದು ಗಮನಾರ್ಹ. ಜಕಾರ್ ಅವರ ಕಾಲದಲ್ಲೇ ಬೋವಾಸ್ ಕರಾವಳಿಯ ಕಥೆಗಳನ್ನು ಎಣಿಸುತ್ತಿದ್ದರು ಎಂಬುದನ್ನು ನೆನೆದರೆ, ಜಾನಪದವು ಈ ಅಳತೆಗೆ ಎಷ್ಟು ಹತ್ತಿರ ಬಂದು ಹಿಂದಿರುಗಿತು ಎಂಬುದು ಅರಿವಾಗುತ್ತದೆ.

ವಿಧಾನವನ್ನು ಸ್ಪಷ್ಟಪಡಿಸಲು ಒಂದು ಕನ್ನಡ ಉದಾಹರಣೆಯನ್ನು ನಾನೇ ರಚಿಸಿಕೊಂಡಿದ್ದೇನೆ. ‘ಅಣ್ಣ ತಂಗಿಯ ಮನೆಗೆ ಹೋದನು’ ಎಂಬುದು ಒಂದು ಪಾಠ. ‘ಅಣ್ಣನು ತಂಗಿ ಮನೆಗೆ ಹೋದ’ ಎಂಬುದು ಇನ್ನೊಂದು. ಕೇಳುವವರಿಗೆ ಎರಡೂ ಒಂದೇ ಮಾತು. ಪದಗಳನ್ನು ಬಿಡಿಬಿಡಿಯಾಗಿ ಹೋಲಿಸಿದರೆ ಒಟ್ಟು ಏಳು ಪದಗಳಲ್ಲಿ ‘ಮನೆಗೆ’ ಎಂಬುದೊಂದೇ ಸಮಾನ, ಸಾದೃಶ್ಯ 0.14. ಎರಡೆರಡು ಪದಗಳ ಹೆಂಚು ಮಾಡಿದರೆ ಒಂದೂ ಸಮಾನವಿಲ್ಲ; ಸಾದೃಶ್ಯ ಸೊನ್ನೆ. ಪದಗಳ ನಡುವಿನ ತೆರಪನ್ನು ಬಿಟ್ಟು ಎರಡೆರಡು ಅಕ್ಷರಗಳ ಹೆಂಚು ಮಾಡಿದರೆ ಒಟ್ಟು 13 ಹೆಂಚುಗಳಲ್ಲಿ ಆರು ಸಮಾನ, ಸಾದೃಶ್ಯ 0.46. ವಿಭಕ್ತಿ, ಆಖ್ಯಾತ ಪ್ರತ್ಯಯಗಳು ಪದದ ತುದಿಗೆ ಅಂಟಿಕೊಳ್ಳುವ ನಮ್ಮಂತಹ ಭಾಷೆಯಲ್ಲಿ ಹೆಂಚಿನ ಗಾತ್ರವನ್ನು ಎಲ್ಲಿ ಕತ್ತರಿಸುತ್ತೇವೆ ಎಂಬುದರ ಮೇಲೆ ಅದೇ ಎರಡು ವಾಕ್ಯಗಳು ಅಪರಿಚಿತವೂ ಆಗುತ್ತವೆ, ನೆಂಟರೂ ಆಗುತ್ತವೆ. ಈ ಅಂಶಕ್ಕೆ ಮುಂದೆ ಮತ್ತೆ ಬರಬೇಕಾಗಿದೆ.

ಎರಡನೆಯ ಹೆಜ್ಜೆಯಲ್ಲಿ ಬ್ರೋಡರ್ ಅವರ ನಿಜವಾದ ಜಾಣ್ಮೆಯಿದೆ. ಮೂರು ಕೋಟಿ ಪಠ್ಯಗಳಿದ್ದರೆ ಪ್ರತಿಯೊಂದನ್ನೂ ಪ್ರತಿಯೊಂದರೊಡನೆ ಹೋಲಿಸಲು ಸುಮಾರು 450 ಲಕ್ಷ ಕೋಟಿ ಹೋಲಿಕೆಗಳು ಬೇಕು. ಪ್ರತಿ ಹೋಲಿಕೆಗೂ ಸಾವಿರಾರು ಹೆಂಚುಗಳನ್ನು ತಿರುವಬೇಕು. ಇದು ಆಗುವ ಮಾತಲ್ಲ. ಆದ್ದರಿಂದ ಪ್ರತಿ ಹೆಂಚಿಗೂ ಒಂದು ನಿಯಮದ ಪ್ರಕಾರ, ಚೀಟಿ ಎತ್ತಿದಂತೆ ಯಾದೃಚ್ಛಿಕವಾದ, ಆದರೆ ಅದೇ ಹೆಂಚಿಗೆ ಎಲ್ಲೆಡೆಯೂ ಅದೇ ಆಗಿರುವ ಸಂಖ್ಯೆಯೊಂದನ್ನು ಕೊಡಲಾಗುತ್ತದೆ. ಪ್ರತಿ ಪಠ್ಯದಿಂದ ಅತ್ಯಂತ ಚಿಕ್ಕ ಸಂಖ್ಯೆಯನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಬಿಡಲಾಗುತ್ತದೆ. ಎರಡು ಪಠ್ಯಗಳ ಈ ಚಿಕ್ಕ ಸಂಖ್ಯೆಗಳು ಒಂದೇ ಆಗಿರುವ ಸಂಭವನೀಯತೆ ಎಷ್ಟು? ಮೇಲಿನ ಉದಾಹರಣೆಯನ್ನೇ ನೋಡೋಣ. ಒಟ್ಟು 13 ಅಕ್ಷರ-ಹೆಂಚುಗಳಲ್ಲಿ ಯಾವುದಾದರೂ ಒಂದು ಎಲ್ಲಕ್ಕಿಂತ ಚಿಕ್ಕ ಸಂಖ್ಯೆ ಪಡೆದೇ ಪಡೆಯುತ್ತದೆ. ಹದಿಮೂರಕ್ಕೂ ಸಮಾನ ಅವಕಾಶ. ಆ ಹೆಂಚು ಎರಡೂ ವಾಕ್ಯಗಳಲ್ಲಿರುವ ಆರರಲ್ಲಿ ಒಂದಾದರೆ ಮಾತ್ರ ಎರಡರ ಚಿಕ್ಕ ಸಂಖ್ಯೆಯೂ ಒಂದೇ ಆಗುತ್ತದೆ. ಎಂದರೆ ಸಂಭವನೀಯತೆ 13ಕ್ಕೆ 6. ಅದೇ ಸಾದೃಶ್ಯದ ಅಳತೆ! ಬೇರೆ ಬೇರೆ ನಿಯಮಗಳಿಂದ ಇದನ್ನೇ ನೂರು ಸಲ ಮಾಡಿ, ಎಷ್ಟು ಸಲ ಹೊಂದಿತು ಎಂದು ಎಣಿಸಿದರೆ ಸಾಕು. ಅಂದಾಜಿನ ಪ್ರಮಾಣಿತ ದೋಷ ಶೇ. 5ನ್ನು ಮೀರುವುದಿಲ್ಲ. ಪಠ್ಯ ಹತ್ತು ಪುಟದ್ದಾಗಲಿ ಸಾವಿರ ಪುಟದ್ದಾಗಲಿ, ಅದರ ಗುರುತಾಗಿ ನೂರು ಸಂಖ್ಯೆಗಳು ಮಾತ್ರ ಉಳಿಯುತ್ತವೆ. ಗಣಿತ ಬಾರದವನಿಗೂ ಸಂತೋಷ ಕೊಡುವ ಉಪಾಯವಿದು. ಇದು ‘ಮಿನ್‌ಹ್ಯಾಶ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

1997ರಲ್ಲಿ ಬ್ರೋಡರ್, ಸ್ಟೀವ್ ಗ್ಲಾಸ್‌ಮನ್, ಮಾರ್ಕ್ ಮನಾಸ್ಸೆ ಮತ್ತು ಜೆಫ್ರಿ ಜ್ವೈಗ್ ಆಲ್ಟಾವಿಸ್ಟಾ ಸಂಗ್ರಹಿಸಿದ್ದ ಮೂರು ಕೋಟಿ ಪಠ್ಯಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಆ ಪ್ರಯೋಗದಲ್ಲಿ ಅವರು ಚಿಕ್ಕ ಸಂಖ್ಯೆಯ ಬದಲು 25ರಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗಳನ್ನು ಉಳಿಸಿಕೊಳ್ಳುವ ಸೋದರ ವಿಧಾನವೊಂದನ್ನು ಬಳಸಿದ್ದರು. ಸಾದೃಶ್ಯ ಶೇ. 50ನ್ನು ಮೀರಿದರೆ ಒಂದೇ ಗುಂಪು. ಫಲಿತಾಂಶವಾಗಿ 36 ಲಕ್ಷ ಗುಂಪುಗಳಲ್ಲಿ 1 ಕೋಟಿ 23 ಲಕ್ಷ ಪಠ್ಯಗಳು ಸೇರಿದವು. ಇವುಗಳಲ್ಲಿ 21 ಲಕ್ಷ ಗುಂಪುಗಳು ತದ್ರೂಪಿ ಪ್ರತಿಗಳವು. ಉಳಿದ 15 ಲಕ್ಷ ಗುಂಪುಗಳಲ್ಲಿ ತದ್ರೂಪಿಗಳೊಂದಿಗೆ ಅಲ್ಪಸ್ವಲ್ಪ ಭಿನ್ನವಾದವೂ ಇದ್ದವು. ಜಾಲವೂ ಒಂದು ಬಗೆಯಲ್ಲಿ ಪಾಠಾಂತರಗಳ ಲೋಕವೇ ಎಂಬುದಕ್ಕೆ ಅಂಕಿಅಂಶಗಳ ಆಧಾರ ದೊರೆತದ್ದು ಇಲ್ಲಿಯೇ ಎನ್ನಬಹುದು.

ಇದೇ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಪೋಲೆಂಡ್ ಮೂಲದ ಪಿಯೋತ್ರ್ ಇಂಡಿಕ್ ಮತ್ತು ಜಮ್ಮುವಿನಲ್ಲಿ ಜನಿಸಿ ಕಾನ್ಪುರದ ಐಐಟಿಯಲ್ಲಿ ಓದಿದ ರಾಜೀವ್ ಮೋಟ್ವಾನಿ ಇದಕ್ಕಿಂತ ವ್ಯಾಪಕವಾದ ಸಿದ್ಧಾಂತವೊಂದನ್ನು 1998ರಲ್ಲಿ ಮಂಡಿಸಿದರು. ಸದೃಶವಾದವು ಒಂದೇ ಪೆಟ್ಟಿಗೆಗೆ ಬೀಳುವ ಸಾಧ್ಯತೆ ಹೆಚ್ಚಿರುವಂತೆ, ವಿಸದೃಶವಾದವು ಬೀಳುವ ಸಾಧ್ಯತೆ ಕಡಿಮೆಯಿರುವಂತೆ ಪೆಟ್ಟಿಗೆಗಳನ್ನು ರೂಪಿಸುವುದು ಅದರ ತಿರುಳು. ಹೀಗಾದರೆ ಹೊಸ ಪಠ್ಯವನ್ನು ಎಲ್ಲದರೊಡನೆ ಹೋಲಿಸಬೇಕಿಲ್ಲ, ಅದೇ ಪೆಟ್ಟಿಗೆಯಲ್ಲಿರುವ ಕೆಲವರೊಡನೆ ಹೋಲಿಸಿದರೆ ಸಾಕು. ಬ್ರೋಡರ್ ಅವರ ಉಪಾಯ ಈ ಸಿದ್ಧಾಂತದ ಚೆಲುವಾದ ನಿದರ್ಶನವಾಗಿ ಪರಿಣಮಿಸಿತು. ಮುಂಬಯಿಯ ಐಐಟಿಯಲ್ಲಿ ಓದಿದ ಮೋಸೆಸ್ ಚಾರಿಕರ್ 2002ರಲ್ಲಿ ಇನ್ನೊಂದು ಬಗೆಯ ಗುರುತನ್ನು ರೂಪಿಸಿದರು. ಬ್ರೋಡರ್, ಚಾರಿಕರ್, ಇಂಡಿಕ್ ಮೂವರಿಗೂ 2012ರ ಪ್ಯಾರಿಸ್ ಕನೆಲ್ಲಾಕಿಸ್ ಪ್ರಶಸ್ತಿ ಸಂದಿತು. ಮೋಟ್ವಾನಿ 2009ರಲ್ಲಿಯೇ ತೀರಿಕೊಂಡಿದ್ದರು.

ಸಂಶೋಧನೆಯೊಂದರ ಪ್ರಭಾವವನ್ನು ಉಲ್ಲೇಖಗಳ ಸಂಖ್ಯೆಯಿಂದ ಅಳೆಯುವುದು ವಾಡಿಕೆ. ಆದರೆ ಯಾರು ಅದನ್ನು ಪರೀಕ್ಷೆಗೆ ಒಡ್ಡಿದರು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮೋನಿಕಾ ಹೆನ್ಸಿಂಗರ್ 2006ರಲ್ಲಿ 160 ಕೋಟಿ ಜಾಲಪುಟಗಳ ಮೇಲೆ ಬ್ರೋಡರ್ ಮತ್ತು ಚಾರಿಕರ್ ವಿಧಾನಗಳೆರಡನ್ನೂ ಹೋಲಿಸಿ ನೋಡಿದರು. ‘ಇವೆರಡು ಒಂದೇ’ ಎಂದು ಬ್ರೋಡರ್ ವಿಧಾನ ಹೇಳಿದ ಜೋಡಿಗಳಲ್ಲಿ ಸರಿಯಾದವು ಶೇ. 38, ಚಾರಿಕರ್ ವಿಧಾನದಲ್ಲಿ ಶೇ. 50. ಒಂದೇ ತಾಣದ ಪುಟಗಳಲ್ಲಿ ಎರಡೂ ಎಡವಿದವು. ಏಕೆಂದರೆ ಅಲ್ಲಿ ಚೌಕಟ್ಟಿನ ಮಾತು ಒಂದೇ, ಒಳಗಿನ ವಿಷಯ ಮಾತ್ರ ಬೇರೆ. ಸೂತ್ರಬದ್ಧವಾದ ಸೊಲ್ಲು, ಪಲ್ಲವಿ, ಸ್ತುತಿಗಳಿಂದ ತುಂಬಿದ ಮೌಖಿಕ ಕಾವ್ಯವನ್ನು ಬಲ್ಲವರಿಗೆ ಈ ಎಡವು ಚೆನ್ನಾಗಿ ಅರ್ಥವಾಗುತ್ತದೆ. ಎರಡು ಬೇರೆ ಬೇರೆ ಸಾಲುಗಳ ಕಥೆಯೂ ಒಂದೇ ಬಗೆಯ ಸ್ತುತಿಯಿಂದ ಆರಂಭವಾಗಬಹುದು. ಅದಾದ ಮರುವರ್ಷ ಗುರ್ಮೀತ್ ಸಿಂಗ್ ಮಂಕು ಮತ್ತು ಸಂಗಡಿಗರು ಚಾರಿಕರ್ ವಿಧಾನವನ್ನು 800 ಕೋಟಿ ಪುಟಗಳಿಗೆ ಅನ್ವಯಿಸುವ ಬಗೆಯನ್ನು ಗೂಗಲ್‌ನಿಂದ ಪ್ರಕಟಿಸಿದರು. ಅನಂತರ ಈ ಅಳತೆ ಬರಹದ ಲೋಕವನ್ನೂ ದಾಟಿತು. 2016ರಲ್ಲಿ ಪ್ರಕಟವಾದ ‘ಮ್ಯಾಶ್’ ಎಂಬ ತಂತ್ರಾಂಶ ಮಿನ್‌ಹ್ಯಾಶ್ ಗುರುತುಗಳಿಂದ 54,118 ಜೀವಿಗಳ ಜೀನೋಮ್‌ಗಳನ್ನು 33 ಗಂಟೆಗಳ ಗಣನೆಯಲ್ಲಿ ಗುಂಪುಗೂಡಿಸಿತು. ಜಕಾರ್ ಅವರ ಅಳತೆ ಹೀಗೆ ಜೀವವಿಜ್ಞಾನಕ್ಕೆ ಮರಳಿ ಬಂದಿತು.

ಇಲ್ಲಿ ನಮ್ಮ ಶಿಸ್ತಿನ ಪ್ರಶ್ನೆ ಏಳುತ್ತದೆ: ಇದು ಅಳೆಯುವುದು ಯಾವ ಸಾದೃಶ್ಯವನ್ನು? ಎ.ಕೆ. ರಾಮಾನುಜನ್ ಅವರು ಅಲನ್ ಡಂಡಿಸ್ ಸಂಪಾದಿಸಿದ 1982ರ ಸಿಂಡರೆಲ್ಲಾ ಸಂಕಲನದಲ್ಲಿ ‘ಹಂಚಿ’ ಎಂಬ ಕನ್ನಡ ಕಥೆಯನ್ನು ಚರ್ಚಿಸಿದ್ದಾರೆ. ಮಣ್ಣಿನ ಮುಖವಾಡದಲ್ಲಿ ತನ್ನನ್ನು ಮರೆಸಿಕೊಂಡ ಹುಡುಗಿ ಅವಳು; ಹಂಚಿನಿಂದ ಹಂಚಿ. ಗಾಜಿನ ಪಾದರಕ್ಷೆಯಿಲ್ಲ, ಕುಂಬಳಕಾಯಿಯ ರಥವಿಲ್ಲ. ಆದರೂ ಅದು ಸಿಂಡರೆಲ್ಲಾ ಬಳಗದ ಕಥೆಯೆಂದು ಗುರುತಿಸಲು ವಿದ್ವಾಂಸರಿಗೆ ಕಷ್ಟವಾಗಲಿಲ್ಲ. ಬ್ರೋಡರ್ ಅವರ ಹೆಂಚುಗಳಿಗೆ ಈ ಹಂಚಿಯ ಗುರುತು ಸಿಗಲಾರದು. ಭಾಷೆಯೇ ಬೇರೆಯಾದ್ದರಿಂದ ಅಳತೆ ಸೊನ್ನೆಯೇ. ಅವರ ವಿಧಾನ ಮಾತಿನ ಹಂಚಿಕೆಯನ್ನು ಅಳೆಯುತ್ತದೆ, ಕಥೆಯ ಬಂಧುತ್ವವನ್ನಲ್ಲ. ಇದು ದೋಷವಲ್ಲ, ಅವರು ಸ್ವತಃ ಹಾಕಿಕೊಂಡ ಎಲ್ಲೆ. ಕಥೆಯ ಬಂಧುತ್ವವನ್ನು ಗಣಕದಿಂದ ಅರಸಿದ ಜಮ್‌ಶಿದ್ ತೆಹ್ರಾನಿ 2013ರಲ್ಲಿ ‘ಕೆಂಪು ಟೋಪಿಯ ಹುಡುಗಿ’ ಕಥೆಯ 58 ಪಾಠಗಳನ್ನು ಎತ್ತಿಕೊಂಡಾಗ, 72 ಕಥಾಂಶಗಳನ್ನು ಕೈಯಿಂದಲೇ ಗುರುತು ಹಾಕಬೇಕಾಯಿತು. ಪಠ್ಯದ ಅರ್ಥವನ್ನೇ ಸಂಖ್ಯಾಸರಣಿಯಾಗಿ ಮಾಡುವ ಇತ್ತೀಚಿನ ವಿಧಾನಗಳು ಹಂಚಿಯನ್ನೂ ಸಿಂಡರೆಲ್ಲಾಳನ್ನೂ ಹತ್ತಿರ ಕೂರಿಸಬಹುದು. ಆದರೆ ಅವು ಯಾವ ಭಾಷೆಯ ಪಠ್ಯವನ್ನು ಹೆಚ್ಚು ಓದಿವೆಯೋ ಆ ಭಾಷೆಯ ಕಣ್ಣಿನಿಂದಲೇ ನೋಡುತ್ತವೆ ಎಂಬ ಎಚ್ಚರ ಅಗತ್ಯ.

ಮಾತಿನ ಹಂಚಿಕೆಯೇ ಮುಖ್ಯವಾಗಿರುವಲ್ಲಿ ಈ ಬಗೆಯ ಅಳತೆ ಜಾನಪದಕ್ಕೆ ಎಷ್ಟು ಉಪಕಾರಿ ಎಂಬುದನ್ನು ಫಿನ್‌ಲೆಂಡ್ ಮತ್ತು ಎಸ್ಟೋನಿಯಾದ ವಿದ್ವಾಂಸರು ತೋರಿಸಿದ್ದಾರೆ. ಫಿನ್ನಿಶ್ ಜನರ ಪ್ರಾಚೀನ ಹಾಡುಗಳ ಬೃಹತ್ ಸಂಪುಟಮಾಲೆಯಲ್ಲಿ ಸುಮಾರು 89,000 ಪಠ್ಯಗಳಿವೆ. ಮಾಚೇಯ್ ಯಾನಿಟ್ಸ್ಕಿ, ಕಾತಿ ಕಾಲ್ಲಿಯೊ, ಮಾರಿ ಸಾರ್ವ್ ಈ ಸಂಗ್ರಹದ ಹಾಗೂ ಎಸ್ಟೋನಿಯಾದ ಸಂಗ್ರಹದ ಸಾಲುಗಳನ್ನು ಎರಡೆರಡು ಅಕ್ಷರಗಳ ತುಣುಕುಗಳ ಮೂಲಕ ಹೋಲಿಸಿದರು. ಫಿನ್ನಿಶ್ ಕೂಡ ಪ್ರತ್ಯಯಗಳನ್ನು ಅಂಟಿಸಿಕೊಳ್ಳುವ ಭಾಷೆ, ಉಪಭಾಷಾ ವೈವಿಧ್ಯವೂ ಅಪಾರ. ಪದಗಳನ್ನು ಹೋಲಿಸಿದ್ದರೆ ಸೋಲು ಖಚಿತವಾಗಿತ್ತು. ಅವರು ಬಳಸಿದ್ದು ಬ್ರೋಡರ್ ಅವರ ಅಳತೆಯನ್ನಲ್ಲ, ಅದೇ ಕುಟುಂಬದ ಇನ್ನೊಂದನ್ನು. ಮುಖ್ಯ ಸಂಗತಿಯೆಂದರೆ, ಸದೃಶವಾದ ಸಾಲುಗಳನ್ನು ಅವರು ತೆಗೆದುಹಾಕಲಿಲ್ಲ. ಒಂದಕ್ಕೊಂದು ದಾರ ಕಟ್ಟಿದರು. ಒಂದು ಸಾಲನ್ನು ಒತ್ತಿದರೆ ಅದರ ಬಂಧುಗಳು ಯಾವ ಯಾವ ಊರಿನಲ್ಲಿವೆ ಎಂಬುದು ತೆರೆದುಕೊಳ್ಳುತ್ತದೆ. ಕ್ರೋನ್ ಅವರು ಚೀಟಿಗಳಲ್ಲಿ ಮಾಡಲು ಹೊರಟದ್ದು ಅವರ ನಾಡಿನಲ್ಲಿಯೇ ಹೀಗೆ ಮುಂದುವರಿಯಿತು.

ಬೇರೆಡೆ ಇದೇ ಅಳತೆಯ ಉದ್ದೇಶ ತದ್ವಿರುದ್ಧವಾಗಿದೆ. ಬೃಹತ್ ಭಾಷಾ ಮಾದರಿಗಳನ್ನು ತರಬೇತುಗೊಳಿಸುವ ಪಠ್ಯರಾಶಿಯಿಂದ ಪುನರಾವೃತ್ತಿಗಳನ್ನು ತೆಗೆದುಹಾಕಲು ಮಿನ್‌ಹ್ಯಾಶ್ ವ್ಯಾಪಕವಾಗಿ ಬಳಕೆಯಾಗುತ್ತಿದೆ. 2020ರ ಜಿಪಿಟಿ-3 ಮಾದರಿಯ ಪಠ್ಯರಾಶಿಯನ್ನು ಹೀಗೆ ಶುದ್ಧಗೊಳಿಸಿದಾಗ ಅದು ಸರಾಸರಿ ಶೇ. 10ರಷ್ಟು ಕುಗ್ಗಿತೆಂದು ಅದರ ಕರ್ತೃಗಳು ಹೇಳಿದ್ದಾರೆ. ಇದಕ್ಕೆ ಸಕಾರಣವೂ ಇದೆ. ಇಂಗ್ಲಿಷ್ ಪಠ್ಯರಾಶಿಯೊಂದರಲ್ಲಿ 61 ಪದಗಳ ಒಂದೇ ವಾಕ್ಯ 60,000ಕ್ಕೂ ಹೆಚ್ಚು ಸಲ ಮರುಕಳಿಸಿದ್ದನ್ನು ಇನ್ನೊಂದು ಅಧ್ಯಯನ ಪತ್ತೆಹಚ್ಚಿತು. ಜಾಹೀರಾತಿನ ಮಾತನ್ನು ಅಷ್ಟು ಸಲ ಓದಿಸುವುದರಿಂದ ಯಾರಿಗೂ ಲಾಭವಿಲ್ಲ. ಆದರೆ 2023ರಲ್ಲಿ ಸಿದ್ಧವಾದ, ಕನ್ನಡವೂ ಸೇರಿದಂತೆ 167 ಭಾಷೆಗಳ ‘ಕಲ್ಚುರಾಎಕ್ಸ್’ ಎಂಬ ಪಠ್ಯರಾಶಿಯಲ್ಲಿಯೂ ಇದೇ ವಿಧಾನದಿಂದ ಸದೃಶ ಪಠ್ಯಗಳನ್ನು ತೆಗೆಯಲಾಗಿದೆ. ಸುದ್ದಿಪುಟದ ನಕಲಿಗೂ, ನೀಲಗಾರರು ಹಾಡಿದ ಮಂಟೇಸ್ವಾಮಿ ಕಾವ್ಯದ ಎರಡನೆಯ ಪಾಠಕ್ಕೂ, ದೇವರಗುಡ್ಡರು ಹಾಡಿದ ಮಾದೇಶ್ವರ ಕಾವ್ಯದ ಇನ್ನೊಂದು ಸಾಲಿಗೂ ಈ ಜರಡಿಯ ಮುಂದೆ ವ್ಯತ್ಯಾಸವಿಲ್ಲ. ಪಠ್ಯದ ಮೊತ್ತವೇ ಅಲ್ಪವಾಗಿರುವ ಭಾಷೆಯಲ್ಲಿ, ಮೌಖಿಕ ಪರಂಪರೆಯ ಲಿಪ್ಯಂತರಗಳು ಅದಕ್ಕಿಂತಲೂ ಅಲ್ಪವಾಗಿರುವಲ್ಲಿ, ಪುನರಾವೃತ್ತಿ ಎಂಬ ಪದವನ್ನು ನಾವು ಬೇರೆಯಾಗಿ ವ್ಯಾಖ್ಯಾನಿಸಬೇಕಾಗಿದೆ. ಜಾನಪದಕ್ಕೆ ಎರಡನೆಯ ಪಾಠವೇ ಮೊದಲನೆಯದರ ಸಾಕ್ಷಿ. ಒಂದೇ ಪಾಠವಿದ್ದರೆ ಅದರಲ್ಲಿ ಯಾವುದು ಪರಂಪರೆಯದು, ಯಾವುದು ಗಾಯಕನದು ಎಂದು ಹೇಳಲು ಬರುವುದಿಲ್ಲ.

ಇದು ಕೇವಲ ಊಹೆಯ ಆತಂಕವಲ್ಲ. ಕೆಲವು ವರ್ಷಗಳ ಹಿಂದೆ ಗುರು ಮತ್ತು ಶಿಷ್ಯ ಇಬ್ಬರಿಂದಲೂ ಒಂದೇ ಸಾಲನ್ನು ಧ್ವನಿಮುದ್ರಿಸಿ, ಎರಡೂ ಲಿಪ್ಯಂತರಗಳನ್ನು ಡಿಜಿಟಲ್ ಸಂಗ್ರಹವೊಂದಕ್ಕೆ ಕೊಟ್ಟಿದ್ದೆ. ತಿಂಗಳುಗಳ ಬಳಿಕ ನೋಡಿದಾಗ ಗುರುವಿನ ಪಾಠ ಮಾತ್ರ ಇತ್ತು. ವಿಚಾರಿಸಿದಾಗ, ಶಿಷ್ಯನದನ್ನು ತಂತ್ರಾಂಶವು ನಕಲು ಎಂದು ಗುರುತಿಸಿದ್ದರಿಂದ ಕೈಬಿಡಲಾಗಿದೆ ಎಂಬ ಉತ್ತರ ಬಂದಿತು. ತಂತ್ರಾಂಶ ಯಾವ ಹೆಂಚಿನ ಗಾತ್ರ ಬಳಸಿತು, ಎಷ್ಟನ್ನು ಮಿತಿಯಾಗಿ ಇಟ್ಟುಕೊಂಡಿತು ಎಂಬುದು ಅಲ್ಲಿನವರಿಗೂ ತಿಳಿದಿರಲಿಲ್ಲ. 1997ರಲ್ಲಿ ಬ್ರೋಡರ್ ಮತ್ತು ಸಂಗಡಿಗರು ಹತ್ತು ಪದ, ಶೇ. 50 ಎಂದು ಎರಡನ್ನೂ ಸ್ಪಷ್ಟವಾಗಿ ಬರೆದಿಟ್ಟಿದ್ದರು. ಯಾವ ಸಂಗ್ರಹವೇ ಆಗಲಿ, ಕೈಬಿಟ್ಟ ಪಠ್ಯಗಳ ಪಟ್ಟಿಯೊಂದಿಗೆ ಈ ಎರಡು ಅಂಕಿಗಳನ್ನು ದಾಖಲಿಸುವುದು ಕನಿಷ್ಠ ಕರ್ತವ್ಯ. ಶಿಷ್ಯನ ಪಾಠದ ಕೈಬರಹದ ಪ್ರತಿ ನನ್ನಲ್ಲಿ ಉಳಿದಿದೆ. ಅದರಲ್ಲಿ ದೇವರು ಹಾದುಹೋಗುವ ಏಳು ಊರುಗಳ ಹೆಸರು ಬರುತ್ತದೆ. ಗುರುವಿನ ಪಾಠದಲ್ಲಿ ಬರುವುದು ನಾಲ್ಕು. ಉಳಿದ ಮೂರು ಶಿಷ್ಯನ ತಾಯಿಯ ತವರಿನ ಕಡೆಯವು.